‘ಗೀಚು’ ಕಟ್ಟಿದ ದಿನಚರಿ: 56 ಪುಟ, 120 ಪ್ರತಿ, ತಲೆ ಕಳೆದುಕೊಂಡ ಒಂದು ಇರುವೆ

ಹೈಸ್ಕೂಲ್ ಮಕ್ಕಳು ಬರೆದ ಕಥೆ, ಕವಿತೆ, ಅವರೇ ಬಿಡಿಸಿದ ಚಿತ್ರ. ಇವನ್ನೆಲ್ಲ ಸೇರಿಸಿ ‘ಗೀಚು’ ಅನ್ನುವ ಒಂದು ಪುಸ್ತಕ, ಜೊತೆಗೆ ಒಂದು ಪ್ರದರ್ಶನ. ಕೆಲಸ ಇಷ್ಟೇ, ಆದರೆ 47 ದಿನ ಹಿಡಿಯಿತು. ನಾನು ಭಾಷೆ ಪಾಠ ಮಾಡುವವನು. ಪುಸ್ತಕ ಕಟ್ಟುವ ಕಸುಬು ಗೊತ್ತಿರಲಿಲ್ಲ. ಡ್ರಾಯಿಂಗ್ ಮೇಡಂ ಜೊತೆಗಿದ್ದರು, ಮಕ್ಕಳದೇ 11 ಜನರ ಒಂದು ತಂಡ ಇತ್ತು. ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ಎಲ್ಲೆಲ್ಲಿ ಕೆಟ್ಟಿತು ಅನ್ನುವುದನ್ನೇ ಜಾಸ್ತಿ ಬರೆದಿದ್ದೇನೆ. ಮುಂದೆ ಮಾಡುವವರಿಗೆ ಬೇಕಾಗುವುದು ಅದೇ ಅಲ್ವಾ.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಎ4 ಹಾಳೆಯನ್ನು ನಡುವೆ ಮಡಿಸಿದರೆ ಎ5 ಅಳತೆಯ 4 ಪುಟ ಸಿಗುತ್ತದೆ. 14 ಹಾಳೆ ಒಂದರೊಳಗೊಂದು ಕೂತರೆ 56 ಪುಟ. 120 ಪ್ರತಿಗೆ 1680 ಹಾಳೆ. 500 ಹಾಳೆಯ ನಾಲ್ಕು ರೀಮ್ ತಂದೆವು. ಹಣದಲ್ಲಿ ದೊಡ್ಡ ಪಾಲು ಕಲರ್ ಪ್ರಿಂಟಿಗೆ ಹೋಯಿತು. ಅದಕ್ಕೇ ಕಲರ್ ಪುಟ 8 ಮಾತ್ರ ಅಂತ ಮೊದಲ ದಿನವೇ ಗೆರೆ ಹಾಕಿಕೊಂಡೆವು. ಈ ಗೆರೆ ಆಮೇಲೆ ಎಲ್ಲಿ ಹೋಗಿ ಮುಟ್ಟಿತು ಅನ್ನುವುದು 36ನೇ ದಿನದಲ್ಲಿದೆ.

1ರಿಂದ 12ನೇ ದಿನ: ಪೆಟ್ಟಿಗೆ

ಒಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ವಿಷಯ ಕೊಡಲಿಲ್ಲ. ಮೊದಲ ಐದು ದಿನ ಪೆಟ್ಟಿಗೆಗೆ ಬಿದ್ದದ್ದು ನಾಲ್ಕೇ ಹಾಳೆ. ನಾಲ್ಕೂ ಪರೀಕ್ಷೆಯ ಪ್ರಬಂಧದ ಥರ ಇದ್ದವು. ತಪ್ಪು ನಮ್ಮದೇ. ಬೋರ್ಡಿನಲ್ಲಿ ‘ಉತ್ತಮ ಬರಹ, ಚಿತ್ರಗಳನ್ನು ಆಹ್ವಾನಿಸಲಾಗಿದೆ’ ಅಂತ ಬರೆದಿದ್ದೆ. ‘ಉತ್ತಮ’ ಅನ್ನುವ ಪದ ನೋಡಿಯೇ ಮಕ್ಕಳು ಹಿಂದೆ ಸರಿದಿದ್ದರು. ತಂಡದ ಹುಡುಗಿಯೊಬ್ಬಳು ಅದನ್ನು ಅಳಿಸಿ, ‘ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಏನಿದೆಯೋ ಅದನ್ನೇ ಕೊಡಿ’ ಅಂತ ಬರೆದಳು. ಆಮೇಲೆ ಪೆಟ್ಟಿಗೆ ತುಂಬಿತು. ಪುಸ್ತಕಕ್ಕೂ ಅಲ್ಲಿಂದಲೇ ‘ಗೀಚು’ ಅನ್ನುವ ಹೆಸರು ಬಂತು.

ಒಟ್ಟು ಬಂದದ್ದು 58 ಬರಹ, 71 ಚಿತ್ರ. ಪ್ರತಿಯೊಂದಕ್ಕೂ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಒಂದು ನಂಬರ್ ಹಾಕಿ, ರಿಜಿಸ್ಟರಿನಲ್ಲಿ ಬರೆದುಕೊಂಡೆವು. ಪೆನ್ನಿನಲ್ಲಿ ಬರೆಯಬಾರದು. ತೆಳು ಹಾಳೆಯಲ್ಲಿ ಶಾಯಿ ಮುಂಬದಿಗೆ ಇಣುಕುತ್ತದೆ. ರಿಜಿಸ್ಟರಿಗೆ ಇನ್ನೊಂದು ಕಾಲಂ ಬೇಕಿತ್ತು, ‘ಈಗ ಈ ಹಾಳೆ ಯಾರ ಕೈಯಲ್ಲಿದೆ’ ಅನ್ನುವುದು. ಅದನ್ನು ಹಾಕಲಿಲ್ಲ.

13ರಿಂದ 15ನೇ ದಿನ: ಆಯ್ಕೆ

ಪ್ರದರ್ಶನಕ್ಕೆ ಆಯ್ಕೆ ಇಲ್ಲ, 129 ಕೂಡ ಗೋಡೆಗೆ ಏರಬೇಕು ಅಂತ ಮೊದಲೇ ತೀರ್ಮಾನವಾಗಿತ್ತು. ಪುಸ್ತಕಕ್ಕೆ ಮಾತ್ರ ಆರಿಸಬೇಕಿತ್ತು. ಮೊದಲ ದಿನ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾ ಹೋದೆವು. ಸಂಜೆ ನೋಡಿದರೆ ಮೇಲೆ ಬಂದದ್ದೆಲ್ಲ ಅಕ್ಷರ ದುಂಡಗಿರುವ, ಬಣ್ಣ ಗೆರೆ ದಾಟದ ಹಾಳೆಗಳು. ನಾವು ಅಂದವನ್ನು ಅಳೆಯುತ್ತಿದ್ದೆವು. ಆ ಪಟ್ಟಿಯನ್ನು ಹರಿದು ಹಾಕಿದೆವು.

ಅಮೆರಿಕದಲ್ಲಿ 1923ರಲ್ಲಿ ಶುರುವಾದ ಸ್ಕೊಲಾಸ್ಟಿಕ್ ಆರ್ಟ್ ಅಂಡ್ ರೈಟಿಂಗ್ ಅವಾರ್ಡ್ಸ್ ಅಂತ ಒಂದಿದೆ. 7ರಿಂದ 12ನೇ ತರಗತಿಯ ಮಕ್ಕಳಿಗೆ ಇರುವುದು. ಅಲ್ಲಿ ತೀರ್ಪುಗಾರರಿಗೆ ಮಗುವಿನ ಹೆಸರು ತಿಳಿಸುವುದಿಲ್ಲ. ನೋಡುವುದು ಮೂರೇ: ಹೊಸತನ ಇದೆಯಾ, ಕೈ ಪಳಗಿದೆಯಾ, ಬರೆದವರ ಅಥವಾ ಬಿಡಿಸಿದವರ ಸ್ವಂತ ದನಿ ಮೂಡುತ್ತಿದೆಯಾ. ನಾವು ಈ ಮೂರನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು, ಹೆಸರಿದ್ದ ಕಡೆಯೆಲ್ಲ ಕಾಗದ ಮಡಿಸಿ ಕ್ಲಿಪ್ ಹಾಕಿ, ಎರಡನೇ ಸಲ ಕೂತೆವು. ಮೂರನೇ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಟ್ಟೆವು. ಮೊದಲ ಸುತ್ತಿನಲ್ಲಿ ಕೆಳಗೆ ಬಿದ್ದಿದ್ದ ಒಂದು ಹಾಳೆ ಆಗ ಎದ್ದು ಬಂತು. ಇಡೀ ಹಾಳೆ ಬರೀ ಮಣ್ಣಿನ ಬಣ್ಣ. ‘ಏನೂ ಬಿಡಿಸಿಲ್ಲ’ ಅಂತ ಪಕ್ಕಕ್ಕೆ ಇಟ್ಟಿದ್ದೆವು. ಬಲ ಅಂಚಿನ ಹತ್ತಿರ 3 ಮಿ.ಮೀ. ಉದ್ದದ ಒಂದು ಇರುವೆ ಇತ್ತು, ಹಾಳೆಯಿಂದ ಹೊರಕ್ಕೆ ನಡೆಯುತ್ತಾ. ಆರು ಕಾಲು, ಎರಡು ಮೀಸೆ, ಎಲ್ಲವೂ ಒಂದೇ ಕೂದಲಿನ ಬ್ರಷ್ಷಿನಲ್ಲಿ ಬಿಡಿಸಿದಂತಿತ್ತು. ಚಿತ್ರದ ಹೆಸರು ‘ಹೊರಟಿದೆ’.

ಕೊನೆಗೆ 24 ಬರಹ, 19 ಚಿತ್ರ ಉಳಿದವು.

16ರಿಂದ 21ನೇ ದಿನ: ಟೈಪಿಂಗ್, ಮತ್ತು ನನ್ನ ಕೆಂಪು ಪೆನ್ನು

ಹೆಚ್ಚಿನವು ಕೈಬರಹ. ಆರು ಬರಹ ಮಾತ್ರ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿ ಬಂದಿದ್ದವು. ಅವನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಜಾಗ ತಪ್ಪಿತು. ‘ಕಾರ್ಯಕ್ರಮ’ ಇದ್ದದ್ದು ‘ಕಾಯರ್ಕ್ರಮ’ ಆಯಿತು. ‘ರ್’ ಅನ್ನು ಹುಡುಕಿ ಹುಡುಕಿ ಒಂದೊಂದಾಗಿ ಸರಿಮಾಡಿದೆವು. ಮೂರು ಗಂಟೆ ಹೋಯಿತು. ಆರೂ ಬರಹವನ್ನು ಮತ್ತೆ ಕೈಯಲ್ಲೇ ಟೈಪ್ ಮಾಡಿದ್ದರೆ ಎರಡೇ ಗಂಟೆ ಸಾಕಿತ್ತು.

ಅಕ್ಷರಕ್ಕೆ ನೋಟೋ ಸೆರಿಫ್ ಕನ್ನಡ, 11 ಪಾಯಿಂಟ್. ಪುಟ ಉಳಿಸಲು ಸಾಲಿನ ಅಂತರವನ್ನು 13 ಪಾಯಿಂಟಿಗೆ ಬಿಗಿದೆ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗಿದವು. ‘ಸ್ತ್ರೀ’, ‘ರಾಷ್ಟ್ರ’ದಂಥ ಪದ ಬಂದ ಕಡೆ ಎರಡು ಸಾಲೂ ಅಂಟಿಕೊಂಡೇ ಬಿಟ್ಟವು. 17 ಪಾಯಿಂಟಿಗೆ ಬಿಟ್ಟ ಮೇಲೆ ಪುಟ ಉಸಿರಾಡಿತು. ಪುಟ ಉಳಿಸಬೇಕಾದರೆ ಬೇರೆ ಕಡೆ ಉಳಿಸಿ, ಕನ್ನಡದ ಸಾಲನ್ನು ಮಾತ್ರ ಬಿಗಿಯಬೇಡಿ.

ಈಗ ಕೆಂಪು ಪೆನ್ನಿನ ವಿಷಯ. ಒಂಬತ್ತನೇ ತರಗತಿ ಹುಡುಗ ತನ್ನ ಅಜ್ಜಿಯ ಬಗ್ಗೆ ಬರೆದ ಕವಿತೆಯಲ್ಲಿ, ಅಜ್ಜಿಯ ಮಾತಾಗಿ, ಈ ಸಾಲುಗಳಿದ್ದವು:

ಬಿಸ್ಲು ಬಂತು ಬಾಗ್ಲಿಗೆ,
ಚಾಪೆ ಹಾಸು, ಕುಂತ್ಕಳ್ಳಿ.

ಟೈಪ್ ಮಾಡುವಾಗ ನಾನು ಅದನ್ನು ‘ಬಿಸಿಲು ಬಂದಿತು ಬಾಗಿಲಿಗೆ, ಚಾಪೆ ಹಾಸು, ಕುಳಿತುಕೊಳ್ಳಲಿ’ ಅಂತ ಮಾಡಿದೆ. ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದ ಕೈ, ತಾನಾಗಿಯೇ ತಿದ್ದಿತು. ಕರಡು ತೋರಿಸಿದಾಗ ಹುಡುಗ ಎರಡು ಸಲ ಓದಿದ. ಆಮೇಲೆ ಮೆಲ್ಲಗೆ, ‘ಸರ್, ಇದು ನಮ್ಮಜ್ಜಿ ಅಲ್ಲ. ಇದು ಪಾಠದಲ್ಲಿ ಬರೋ ಅಜ್ಜಿ’ ಅಂದ.

ಅವನು ಹೇಳಿದ್ದು ಸರಿ. ಗಟ್ಟಿಯಾಗಿ ಓದಿ ನೋಡಿ. ‘ಬಿಸ್ಲು ಬಂತು ಬಾಗ್ಲಿಗೆ’ ಅನ್ನುವಾಗ ಮೂರು ಪುಟ್ಟ ಹೆಜ್ಜೆ ಇದೆ. ನನ್ನ ಸಾಲಿನಲ್ಲಿ ಆ ಹೆಜ್ಜೆಯೂ ಇಲ್ಲ, ಅಜ್ಜಿಯೂ ಇಲ್ಲ. ಅವತ್ತು ರಾತ್ರಿ 24 ಬರಹಗಳನ್ನೂ ಮೂಲದ ಜೊತೆ ಇಟ್ಟು ನೋಡಿದೆ. ನಾನು ಹೇಳದೆ ತಿದ್ದಿದ್ದು 63 ಕಡೆ. ಎಲ್ಲವನ್ನೂ ಮೊದಲಿನಂತೆ ಮಾಡಿದೆ. ಆಮೇಲೆ ಅನುಮಾನ ಬಂದ ಕಡೆ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಗುರುತು ಮಾತ್ರ ಹಾಕಿ, ಬರೆದ ಮಗುವಿನ ಕೈಗೇ ಹಾಳೆ ಕೊಟ್ಟೆ. ತಿದ್ದಬೇಕಾದರೆ ಅವರೇ ತಿದ್ದಿ ಸಹಿ ಹಾಕಬೇಕು. 63ರಲ್ಲಿ 40 ನಿಜವಾಗಿಯೂ ಕಾಗುಣಿತದ ತಪ್ಪು. ಮಕ್ಕಳು ತಾವೇ ಸರಿಮಾಡಿದರು. 23 ಹಾಗೇ ಇರಲಿ ಅಂದರು. ಅವು ಹಾಗೇ ಇವೆ.

22ರಿಂದ 25ನೇ ದಿನ: ಸ್ಕ್ಯಾನ್

ಬಣ್ಣದ ಚಿತ್ರ ಮತ್ತು ಪೆನ್ಸಿಲ್ ಚಿತ್ರಕ್ಕೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ), ಬರೀ ಇಂಕಿನ ಗೆರೆಚಿತ್ರಕ್ಕೆ 600. ಎ4 ಹಾಳೆ 300ರಲ್ಲಿ 2480 × 3508 ಪಿಕ್ಸೆಲ್ ಆಗುತ್ತದೆ. ಪುಸ್ತಕಕ್ಕೆ ಧಾರಾಳ. ಪೆನ್ಸಿಲ್ ಚಿತ್ರಗಳನ್ನು ಬ್ಲ್ಯಾಕ್ ಅಂಡ್ ವೈಟ್ ಮೋಡಿನಲ್ಲಿ ಸ್ಕ್ಯಾನ್ ಮಾಡಬೇಡಿ. ನೆರಳೆಲ್ಲ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಗ್ರೇಸ್ಕೇಲ್ ಬೇಕು.

ಆಯಿಲ್ ಪೇಸ್ಟಲ್ ಚಿತ್ರವನ್ನು ಸ್ಕ್ಯಾನರ್ ಗಾಜಿನ ಮೇಲೆ ಇಟ್ಟದ್ದು ತಪ್ಪಾಯಿತು. ಅದು ಪೂರ್ತಿ ಒಣಗುವ ಬಣ್ಣವೇ ಅಲ್ಲ. ಗಾಜಿಗೆ ಕೆಂಪು ಅಂಟಿತು. ಮುಂದಿನ ಐದು ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಕೆಂಪು ಕಲೆ. ಮೂಲ ಚಿತ್ರಕ್ಕೇ ಕಲೆ ಆಗಿದೆ ಅಂದುಕೊಂಡು ಎದೆ ಧಸಕ್ ಅಂದಿತ್ತು. ಗಾಜು ಒರೆಸಿ ಐದನ್ನೂ ಮತ್ತೆ ಸ್ಕ್ಯಾನ್ ಮಾಡಿದೆವು. ಪೇಸ್ಟಲ್ ಚಿತ್ರಗಳನ್ನು ಕಿಟಕಿಯ ಪಕ್ಕ ಗೋಡೆಗೆ ನಿಲ್ಲಿಸಿ ಫೋನಿನಲ್ಲಿ ತೆಗೆದೆವು. ಫೋಟೋಗೆ ಎರಡು ಮಾತು ನೆನಪಿರಲಿ. ಬಿಸಿಲು ನೇರ ಬೀಳಬಾರದು. ಹತ್ತಿರ ಹೋಗಿ ತೆಗೆದರೆ ಹಾಳೆಯ ಅಂಚು ಹೊಟ್ಟೆ ಉಬ್ಬಿದ ಹಾಗೆ ಬಾಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು 2 ಪಟ್ಟು ಜೂಮ್ ಮಾಡಿದರೆ ಗೆರೆ ನೇರ ಬರುತ್ತದೆ.

ಇದ್ದಿಲಿನಲ್ಲಿ ಬಿಡಿಸಿದ ಎರಡು ದೊಡ್ಡ ಚಿತ್ರ ಇದ್ದವು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆಯುವ ಮೊದಲು ಮೇಡಂ ಒಂದು ರದ್ದಿ ಹಾಳೆಯ ಮೇಲೆ ಇದ್ದಿಲು ಉಜ್ಜಿ ನೋಡೋಣ ಅಂದರು. 10 ಸೆಂ.ಮೀ. ದೂರದಿಂದ ಹೊಡೆದಾಗ ಹನಿ ಕೂತು ಕಪ್ಪು ಚುಕ್ಕಿ ಬಿತ್ತು. 30 ಸೆಂ.ಮೀ. ದೂರದಿಂದ ತೆಳ್ಳಗೆ, ಒಣಗಲು ಬಿಟ್ಟು ಮೂರು ಸಲ ಹೊಡೆದಾಗ ಸರಿಯಾಯಿತು. ರದ್ದಿ ಹಾಳೆ ನಮ್ಮನ್ನು ಕಾಪಾಡಿತು.

ಸ್ಕ್ಯಾನ್ ಆದ ಪೆನ್ಸಿಲ್ ಚಿತ್ರಗಳು ಮಂಕಾಗಿ ಕಂಡವು. ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ, ಕಪ್ಪು ಬಿಳುಪು ಹೊಂದಿಸುವ ಲೆವೆಲ್ಸ್ ತೆರೆದು ಬಿಳಿಯ ಗುರುತನ್ನು 255ರಿಂದ 225ಕ್ಕೆ ಎಳೆದೆ. ಹಾಳೆ ಹಾಲಿನಂತೆ ಬೆಳ್ಳಗಾಯಿತು, ಗೆರೆ ಎದ್ದು ಕಂಡಿತು. ತುಂಬಾ ಚೆನ್ನಾಗಿದೆ ಅಂತ ಹನ್ನೆರಡಕ್ಕೂ ಅದನ್ನೇ ಮಾಡಿದೆ. ಆಗ ಅದು ತಪ್ಪು ಅಂತ ಗೊತ್ತಾಗಲಿಲ್ಲ.

26ರಿಂದ 28ನೇ ದಿನ: ಪುಟ ಜೋಡಣೆ, ಪ್ರಿಂಟ್

ಪ್ರಿಂಟಿಗೆ ಮೊದಲು 14 ಖಾಲಿ ಹಾಳೆ ಮಡಿಸಿ ಒಂದರೊಳಗೊಂದು ಇಟ್ಟು, 1ರಿಂದ 56ರವರೆಗೆ ಪೆನ್ಸಿಲ್ಲಿನಲ್ಲಿ ನಂಬರ್ ಬರೆದುಕೊಂಡೆವು. ಬಿಡಿಸಿದರೆ ಯಾವ ಪುಟದ ಪಕ್ಕ ಯಾವುದು ಅಂತ ಕಣ್ಣೆದುರೇ ಇರುತ್ತದೆ. ಒಂದು ಬದಿಯಲ್ಲಿ ಅಕ್ಕಪಕ್ಕ ಇರುವ ಎರಡು ಪುಟ ಕೂಡಿದರೆ ಯಾವಾಗಲೂ 57 ಬರಬೇಕು. 56 ಮತ್ತು 1. 2 ಮತ್ತು 55. 28 ಮತ್ತು 29. ತಂಡದ ಮಕ್ಕಳು ಇದನ್ನೇ ಹಿಡಿದು ಇಡೀ ಪುಸ್ತಕ ಪರೀಕ್ಷೆ ಮಾಡಿದರು.

ಲಿಬ್ರೆಆಫೀಸ್ ರೈಟರ್‌ನ ಪ್ರಿಂಟ್ ಕಿಟಕಿಯಲ್ಲಿ ಬ್ರೋಷರ್ ಅನ್ನುವ ಆಯ್ಕೆ ಇದೆ. ಪುಟಗಳನ್ನು ಅದೇ ಜೋಡಿಸಿ ಕೊಡುತ್ತದೆ. ಎರಡೂ ಬದಿ ಪ್ರಿಂಟ್ ಮಾಡುವಾಗ ‘ಉದ್ದ ಅಂಚಿಗೆ ತಿರುಗಿಸು’ ಅಂತಲೇ ಬಿಟ್ಟಿದ್ದೆ. ಹಿಂಬದಿಯೆಲ್ಲ ತಲೆಕೆಳಗು. ಎರಡು ಪ್ರತಿ, ಅಂದರೆ 28 ಹಾಳೆ ಹಾಳಾದ ಮೇಲೆ ನೋಡಿದೆ. ‘ಗಿಡ್ಡ ಅಂಚು’ ಇರಬೇಕು. ಮೊದಲು ಒಂದೇ ಹಾಳೆ ಪ್ರಿಂಟ್ ಮಾಡಿ ಮಡಿಸಿ ನೋಡಿ.

8 ಕಲರ್ ಪುಟಗಳನ್ನು ಪುಸ್ತಕದ ತುಂಬ ಹರಡಿದ್ದರೆ ಎಂಟು ಹಾಳೆಯವರೆಗೂ ಕಲರ್ ಪ್ರಿಂಟರಿಗೆ ಹಾಕಬೇಕಾಗುತ್ತಿತ್ತು. ಎಲ್ಲವನ್ನೂ ನಟ್ಟನಡುವೆ, 25ರಿಂದ 32ನೇ ಪುಟಕ್ಕೆ ಇಟ್ಟರೆ ಎರಡೇ ಹಾಳೆ ಸಾಕು. ಹಾಗೇ ಮಾಡಿದೆವು. 28 ಮತ್ತು 29 ಒಂದೇ ಹಾಳೆಯ ಒಂದೇ ಬದಿ. ಚಿತ್ರವೊಂದನ್ನು ಎರಡು ಪುಟಕ್ಕೂ ಚಾಚಬಹುದು, ನಡುವೆ ಕಿತ್ತುಹೋಗುವುದಿಲ್ಲ. ಆ ಜಾಗ ಇರುವೆಗೆ ಕೊಟ್ಟೆವು, ಮೂಲದ ಅಳತೆಯಲ್ಲೇ. ಪುಸ್ತಕ ತೆರೆದರೆ ಎರಡೂ ಪುಟ ಬರೀ ನೆಲ, ಕೊನೆಯಲ್ಲಿ ಇರುವೆ.

29ರಿಂದ 31ನೇ ದಿನ: ಮುಖಪುಟ

ಮುಖಪುಟವನ್ನು ಲಿನೋ ಅಚ್ಚಿನಲ್ಲಿ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಕೊರೆದು ಇಂಕು ಹಚ್ಚಿ, ಕೈಯಿಂದಲೇ ಒತ್ತಬೇಕು ಅನ್ನುವುದು ಮಕ್ಕಳ ಆಸೆ. ಹತ್ತನೇ ತರಗತಿ ಹುಡುಗ ಎರಡು ಸಂಜೆ ಕೂತು ‘ಗೀಚು’ ಅಂತ ಕೊರೆದ. ಒತ್ತಿದಾಗ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬಂತು. ಸುಮ್ನೆ ಬಿಟ್ಟುಬಿಡೋಣ ಅನ್ನಲಿಲ್ಲ ಅವನು. ಬಟರ್ ಪೇಪರಿನಲ್ಲಿ ಅಕ್ಷರ ಬರೆದು, ಅದನ್ನೇ ತಿರುಗಿಸಿ ಲಿನೋ ಮೇಲಿಟ್ಟು ನಕಲು ತೆಗೆದು, ಮತ್ತೆ ಕೊರೆದ. ಎರಡನೆಯದರಲ್ಲಿ ‘ಚು’ವಿನ ಕೊಂಬು ಮೊದಲಿನದಕ್ಕಿಂತ ಚೂಪಾಗಿ ಬಂತು. ನೀರಿನ ಇಂಕು ಬಳಸಿದೆವು, ಬೇಗ ಒಣಗುತ್ತದೆ. ಸ್ಟೀಲ್ ಚಮಚದ ಹಿಂಬದಿಯಿಂದ ಉಜ್ಜಿ 120 ಪ್ರತಿ. ಒಂದರಂತೆ ಇನ್ನೊಂದಿಲ್ಲ.

ರಟ್ಟು 220 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 220 ಗ್ರಾಂ ತೂಗುವಂಥದ್ದು. ಎ4 ತಂದು ಮಡಿಸಿದರೆ ಮಡಿಕೆಯ ಮೇಲೆ ಬಿರುಕು ಬಿಟ್ಟು ನಾರು ಎದ್ದಿತು. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇರುತ್ತದೆ. ನಮ್ಮ ಎ4 ರಟ್ಟಿನಲ್ಲಿ ಎಳೆ ಉದ್ದಕ್ಕೆ ಇತ್ತು, ನಾವು ಅದನ್ನು ಅಡ್ಡಕ್ಕೆ ಮುರಿಯುತ್ತಿದ್ದೆವು. ಎಳೆ ಉದ್ದಕ್ಕಿರುವ ಎ3 ರಟ್ಟು ತಂದು ಅರ್ಧಕ್ಕೆ ಕತ್ತರಿಸಿದಾಗ ಎ4 ಸಿಕ್ಕಿತು, ಎಳೆಯೂ ಮಡಿಕೆಯ ಗುಂಟ ಬಂತು. ಸ್ಕೇಲಿಟ್ಟು ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ ಮಡಿಸಿದರೆ ಸಾಕು, ಬಿರುಕಿಲ್ಲ. ಇದನ್ನು ತಿಳಿಯುವ ಮೊದಲು 6 ರಟ್ಟು ಹಾಳಾದವು.

32ರಿಂದ 35ನೇ ದಿನ: ಹೊಲಿಗೆ

ಸ್ಟೇಪ್ಲರ್ ಪ್ರಯತ್ನ ಸೋತಿತು. ಸಾಮಾನ್ಯ ಸ್ಟೇಪ್ಲರ್ ಹಾಳೆಯ ನಡುವಿನವರೆಗೆ ಚಾಚುವುದಿಲ್ಲ. ಅದನ್ನು ಬಿಡಿಸಿ, ಕೆಳಗೆ ದಪ್ಪ ರಟ್ಟಿಟ್ಟು ಪಿನ್ ಒತ್ತಿ, ಆಮೇಲೆ ಕಾಲು ಮಡಚಿದೆವು. ಎಂಟು ಪ್ರತಿಗಳಲ್ಲಿ ಐದರ ಪಿನ್ನು ಮಡಿಕೆಯ ಗೆರೆ ಬಿಟ್ಟು ಪಕ್ಕಕ್ಕೆ ಬಿತ್ತು. ಪುಟ ತೆರೆಯುವುದಿಲ್ಲ, ಹರಿಯುತ್ತದೆ.

ಆಮೇಲೆ ದಾರ. ಮಡಿಕೆಯ ಮೇಲೆ ಐದು ತೂತು: ಮೇಲಿನಿಂದ 25, 65, 105, 145, 185 ಮಿ.ಮೀ. ಒಂದು ರಟ್ಟಿನ ಪಟ್ಟಿಯಲ್ಲಿ ಈ ಗುರುತು ಹಾಕಿ, ಮಡಿಕೆಯೊಳಗೆ ಇಟ್ಟು, ದಬ್ಬಳದಿಂದ ಚುಚ್ಚಿದೆವು. ಹತ್ತಿಯ ದಾರ, ಒಂದು ಪ್ರತಿಗೆ 63 ಸೆಂ.ಮೀ., ಪುಸ್ತಕದ ಎತ್ತರದ ಮೂರು ಪಟ್ಟು. ದಾರವನ್ನು ಮೇಣದಬತ್ತಿಗೆ ಎರಡು ಸಲ ಉಜ್ಜಿದರೆ ಸಿಕ್ಕಾಗುವುದಿಲ್ಲ. ನಡುವಿನ ತೂತಿನಲ್ಲಿ ಒಳಗಿನಿಂದ ಶುರು ಮಾಡಿ, ಮೇಲೆ ಹೋಗಿ, ಕೆಳಗೆ ಬಂದು, ನಡುವಿಗೇ ಮರಳಿ ಗಂಟು. ದಾರವನ್ನು ಮಡಿಕೆಯ ದಿಕ್ಕಿನಲ್ಲೇ ಎಳೆಯಬೇಕು. ನೇರ ಮೇಲಕ್ಕೆ ಎಳೆದರೆ ತೂತು ಸೀಳುತ್ತದೆ.

ನಾನು ಹೊಲಿದ ಮೊದಲ ಪ್ರತಿಗೆ 19 ನಿಮಿಷ. ನಾಲ್ಕನೇ ದಿನದ ಹೊತ್ತಿಗೆ ಮಕ್ಕಳು 6 ನಿಮಿಷಕ್ಕೆ ಒಂದು ಮುಗಿಸುತ್ತಿದ್ದರು. ದಾರದ ಬಣ್ಣ ಇರುವೆ ಬಿಡಿಸಿದ ಹುಡುಗಿಯೇ ಆರಿಸಿದ್ದು. ಕಂದು. ದಾರ ಹಾಯುವುದು ಅವಳ ಚಿತ್ರದ ಮೇಲೇ ಅಲ್ವಾ, ನೆಲದಲ್ಲಿ ಕಾಣದ ಹಾಗೆ ಇರಲಿ ಅಂದಳು.

36ನೇ ದಿನ: ಕಟಿಂಗ್

ಪ್ರಿಂಟರ್ ಹಾಳೆಯ ಸುತ್ತ 5 ಮಿ.ಮೀ. ಬಿಳಿ ಬಿಡುತ್ತದೆ. ಇರುವೆಯ ನೆಲ ಪುಟದ ಅಂಚಿನವರೆಗೂ ಹೋಗಬೇಕಾದರೆ ಆ 5 ಮಿ.ಮೀ. ಕತ್ತರಿಸಬೇಕು. ಬಿಡಿ ಹಾಳೆಯ ಮೇಲೆ ಸ್ಕೇಲಿಟ್ಟು ನೋಡಿದ್ದೆ. ಇರುವೆಯ ಮೀಸೆಯ ತುದಿ ಹಾಳೆಯ ಅಂಚಿನಿಂದ 6 ಮಿ.ಮೀ. ಒಳಗಿತ್ತು. 5 ಕತ್ತರಿಸಿದರೆ 1 ಉಳಿಯುತ್ತದೆ. ಸಾಕು ಅಂದುಕೊಂಡೆ. ಹೊಲಿದು ಮುಗಿದಿದ್ದ 38 ಪ್ರತಿಗಳನ್ನು ಮುದ್ರಣಾಲಯದ ಕಟಿಂಗ್ ಮಷೀನಿಗೆ ಕೊಂಡುಹೋಗಿ, ಹತ್ತು ಹತ್ತರ ಕಟ್ಟು ಮಾಡಿ, ಮೂರು ಬದಿ 5 ಮಿ.ಮೀ. ಕತ್ತರಿಸಿ ತಂದೆ. ಅಂಚು ನುಣುಪಾಗಿ ಹೊಳೆಯುತ್ತಿತ್ತು. ಖುಷಿಯಿಂದ ಮೊದಲ ಪ್ರತಿಯನ್ನು ಇರುವೆ ಬಿಡಿಸಿದ ಹುಡುಗಿಯ ಕೈಗೇ ಕೊಟ್ಟೆ.

ಅವಳು ನೇರ ನಡುವಿನ ಪುಟ ತೆರೆದಳು. ಬೆರಳು ಬಲ ಅಂಚಿಗೆ ಹೋಯಿತು. ಏನೂ ಹೇಳಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಇರುವೆಗೆ ತಲೆ ಇರಲಿಲ್ಲ. ಕಾಲು ಆರೂ ಇದ್ದವು, ಹೊಟ್ಟೆ ಇತ್ತು, ಮೀಸೆ ಮತ್ತು ತಲೆ ಇದ್ದ ಜಾಗದಲ್ಲಿ ಪುಟ ಮುಗಿದಿತ್ತು. 38 ಪ್ರತಿಯಲ್ಲೂ ಹಾಗೇ.

ಕಾರಣ ಆಮೇಲೆ ಅಳೆದು ನೋಡಿದೆ. 14 ಹಾಳೆ ಒಂದರೊಳಗೊಂದು ಕೂತಾಗ ಒಳಗಿನ ಹಾಳೆ ಹೊರಗಿನದಕ್ಕಿಂತ ಮುಂದಕ್ಕೆ ಚಾಚುತ್ತದೆ. ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ನಟ್ಟನಡುವಿನ ಹಾಳೆ ಸುಮಾರು 1.4 ಮಿ.ಮೀ. ಚಾಚಿತ್ತು. ಹೊರ ಪುಟದಲ್ಲಿ 5 ಹೋದರೆ, ನಡುವಿನ ಪುಟದಲ್ಲಿ 6.4 ಹೋಗುತ್ತದೆ. ಕಟ್ಟು ಕೊಂಚ ಜರುಗಿದರೆ ಇನ್ನೂ ಸ್ವಲ್ಪ. ಹಣ ಉಳಿಸಲು ಕಲರ್ ಪುಟಗಳನ್ನು ನಡುವೆ ಇಟ್ಟೆವಲ್ಲ, ಅತಿ ಹೆಚ್ಚು ಕತ್ತರಿ ಬೀಳುವ ಜಾಗವೂ ಅದೇ. ಬಿಡಿ ಹಾಳೆಯ ಮೇಲೆ ಅಳೆದದ್ದು ನನ್ನ ತಪ್ಪು. ಹೊಲಿದ ಪುಸ್ತಕದ ಮೇಲೆ ಅಳೆಯಬೇಕಿತ್ತು. ಒಂದು ಪ್ರತಿ ಕತ್ತರಿಸಿ, ತೆರೆದು ನೋಡಿ, ಆಮೇಲೆ ಉಳಿದದ್ದು ಕತ್ತರಿಸಬೇಕಿತ್ತು.

37ರಿಂದ 40ನೇ ದಿನ: ತಲೆ ಮರಳಿ ತಂದದ್ದು

ಸುತ್ತ ಬಿಳಿ ಅಂಚು ಬಿಟ್ಟು ಚಿತ್ರವನ್ನು ಸಣ್ಣದಾಗಿ ಹಾಕಲಾ ಅಂತ ಅವಳನ್ನು ಕೇಳಿದೆ. ಬೇಡ ಅಂದಳು. ‘ಅದು ಪುಟ ಬಿಟ್ಟು ಹೋಗ್ತಾ ಇರೋದು ಸರ್. ಅಂಚು ಹಾಕಿದ್ರೆ ಒಳಗೇ ಉಳಿದುಬಿಡುತ್ತೆ.’

ಆ ಮಾತು ಕೇಳಿದ ಮೇಲೆ ಬೇರೆ ದಾರಿ ಹುಡುಕಲೇಬೇಕಾಯಿತು. ನಡುವಿನ ಹಾಳೆಯನ್ನು ಎ3 ಕಾಗದದಲ್ಲಿ ಪ್ರಿಂಟ್ ಮಾಡಿದೆವು. ಆಗ ಪ್ರಿಂಟರ್ ಬಿಡುವ ಬಿಳಿಯ ಗೊಡವೆ ಇಲ್ಲ, ಬಣ್ಣ ಪೂರ್ತಿ ಬೀಳುತ್ತದೆ. ಕತ್ತರಿಸಿದ ಪುಸ್ತಕದಲ್ಲಿ ನಡುವಿನ ಹಾಳೆಯ ಅಗಲ 284 ಮಿ.ಮೀ., ಎತ್ತರ 200. ಚಿತ್ರ 297ರದ್ದು. ಅದನ್ನು 96%ಗೆ ಇಳಿಸಿದರೆ 285. ಉಳಿದ 1 ಮಿ.ಮೀ. ಪೂರ್ತಿ ಎಡಗಡೆಯ ಬರೀ ನೆಲದಿಂದ ತೆಗೆದೆವು. ಬಲಗಡೆ ಒಂದು ಕೂದಲೂ ಮುಟ್ಟಲಿಲ್ಲ. ಹಿಂಬದಿಯ 27 ಮತ್ತು 30ನೇ ಪುಟವನ್ನೂ ಅದೇ ಲೆಕ್ಕದಲ್ಲಿ ಸರಿಸಿದೆವು.

38 ಪ್ರತಿಗಳ ದಾರ ಬಿಚ್ಚಿ, ಹಾಳೆ ಬದಲಿಸಿ, ಮತ್ತೆ ಹೊಲಿದೆವು. ಹಳೆಯ ತೂತಿಗೆ ಹೊಸ ಹಾಳೆಯ ತೂತು ಸೇರಬೇಕು, ಅದಕ್ಕೆ ಅದೇ ರಟ್ಟಿನ ಪಟ್ಟಿ ಉಪಯೋಗಕ್ಕೆ ಬಂತು. ಉಳಿದ 82ಕ್ಕೆ ಹೊಲಿಯುವ ಮೊದಲೇ ಹೊಸ ಹಾಳೆ ಹಾಕಿದೆವು. ನಾಲ್ಕು ದಿನ, 120 ಎ3 ಹಾಳೆ. ಹಳೆಯ 120 ಹಾಳೆ, ತಲೆಕೆಳಗಾದ 28, ಪ್ರಿಂಟರ್ ಕಚ್ಚಿ ಹಾಕಿದ 20. ಒಟ್ಟು 168 ಎ4 ಹಾಳೆ ವ್ಯರ್ಥ. ಈ ಸಲ ಒಂದೇ ಪ್ರತಿ ಕತ್ತರಿಸಿ ಅವಳಿಗೆ ತೋರಿಸಿದೆ. ಸ್ಕೇಲು ತಗೊಂಡು ಅಳೆದಳು. ‘ಇದೆ’ ಅಂದಳು. ಆಮೇಲೆ ಉಳಿದವನ್ನು ಮಷೀನಿಗೆ ಕೊಟ್ಟೆವು.

41ರಿಂದ 44ನೇ ದಿನ: ಗೋಡೆ

ಉದ್ದನೆಯ ಓಣಿಯಂಥ ಒಂದು ವರಾಂಡ ಸಿಕ್ಕಿತು. ಮೊದಲ ಸಂಜೆ ಡಬಲ್ ಸೈಡ್ ಟೇಪಿನಲ್ಲಿ 40 ಚಿತ್ರ ಅಂಟಿಸಿದೆವು. ಬೆಳಿಗ್ಗೆ 9 ನೆಲದ ಮೇಲಿದ್ದವು. ಸುಣ್ಣದ ಗೋಡೆಯ ಪುಡಿ ಟೇಪಿಗೆ ಹತ್ತಿಕೊಂಡಿತ್ತು. ಬಿಡಿಸುವಾಗ ಎರಡು ಹಾಳೆಯ ಮೂಲೆ ಕಿತ್ತಿತು. ಮಕ್ಕಳ ಮೂಲ ಚಿತ್ರಕ್ಕೆ ಟೇಪು ನೇರ ಅಂಟಿಸಲೇಬಾರದು. ಆಮೇಲೆ ಎರಡು ನೈಲಾನ್ ಹಗ್ಗ ಬಿಗಿದು, ಪ್ರತಿ ಚಿತ್ರವನ್ನೂ ಅದಕ್ಕಿಂತ ದೊಡ್ಡ ರಟ್ಟಿನ ಮೇಲೆ ಕಾಗದದ ಮೂಲೆಗಳೊಳಗೆ ಕೂರಿಸಿ, ರಟ್ಟಿಗೆ ಕ್ಲಿಪ್ ಹಾಕಿ ತೂಗುಹಾಕಿದೆವು. ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರದಲ್ಲಿ. ನಿಂತವರ ಕಣ್ಣಿಗೆ ಅದು ಸರಿಯಾಗಿ ಸಿಗುತ್ತದೆ.

ಕವಿತೆಗಳನ್ನು ಪುಸ್ತಕದ 11 ಪಾಯಿಂಟಿನಲ್ಲೇ ಹಾಕಿದ್ದೆವು. ಯಾರೂ ನಿಲ್ಲಲಿಲ್ಲ. 24 ಪಾಯಿಂಟಿಗೆ ಏರಿಸಿ, ಪಕ್ಕದಲ್ಲಿ ಆ ಮಗುವಿನ ಕೈಬರಹದ ಹಾಳೆಯನ್ನೂ ತೂಗುಹಾಕಿದೆವು. ಆಗ ಜನ ನಿಂತರು. ಅಚ್ಚಿನದನ್ನು ಬಿಟ್ಟು ಕಾಟು ಹೊಡೆದ, ಬಾಣ ಹಾಕಿ ಪದ ಸೇರಿಸಿದ ಹಾಳೆಯನ್ನೇ ಹತ್ತಿರದಿಂದ ನೋಡುತ್ತಿದ್ದರು.

ಅಜ್ಜಿಯ ಕವಿತೆ ಬರೆದ ಹುಡುಗ ಅದನ್ನು ಎಲ್ಲರ ಮುಂದೆ ಓದಿದ. ‘ಕುಂತ್ಕಳ್ಳಿ’ ಬಂದಾಗ ದನಿ ಬದಲಿಸಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸರು ಇಬ್ಬರು ಮುಖ ಮುಖ ನೋಡಿಕೊಂಡರು.

47ನೇ ದಿನ: ಮೂಲ ಹಾಳೆಗಳು

129 ಹಾಳೆಗಳನ್ನೂ ಮಕ್ಕಳಿಗೆ ವಾಪಸ್ ಕೊಡುವ ದಿನ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟೆವು. 128 ಆಯಿತು. 87ನೇ ನಂಬರ್ ಸಿಗಲಿಲ್ಲ. ಎಂಟನೇ ತರಗತಿ ಹುಡುಗ ಪೆನ್ಸಿಲ್ಲಿನಲ್ಲಿ ಬಿಡಿಸಿದ ಸೈಕಲ್. ಸ್ಕ್ಯಾನ್ ಆಗಿತ್ತು, ಪುಸ್ತಕದ 41ನೇ ಪುಟದಲ್ಲಿದೆ. ಗೋಡೆಗೆ ಏರಿದ್ದು ಅದರ ಪ್ರಿಂಟ್ ಅನ್ನುವುದು ಆಗಲೇ ಗೊತ್ತಾದದ್ದು. ಸ್ಕ್ಯಾನ್ ಆದ ಮೇಲೆ ಯಾರ ಕೈಗೆ ಹೋಯಿತು ಅಂತ ಬರೆದಿಲ್ಲ. ಆ ಕಾಲಂ ಇಲ್ಲ.

ಹುಡುಗನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸದ್ಯಕ್ಕೆ ಅಂತ ದಪ್ಪ ಕಾಗದದಲ್ಲಿ ಮೂಲದ ಅಳತೆಯಲ್ಲೇ ಒಂದು ಒಳ್ಳೆಯ ಪ್ರಿಂಟ್ ತೆಗೆದು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ‘ಚಕ್ರ ಮೂರು ಸಲ ಅಳಿಸಿ ಬಿಡಿಸಿದ್ದೆ ಸರ್. ಆ ಗುರುತು ಇದರಲ್ಲಿ ಇಲ್ಲ’ ಅಂದ.

ಗುರುತು ಅಳಿಸಿದ್ದು ಸ್ಕ್ಯಾನರ್ ಅಲ್ಲ. ಬಿಳಿಯನ್ನು 225ಕ್ಕೆ ಎಳೆದ ನಾನು. ತಿಳಿ ಬೂದೆಲ್ಲ ಆಗಲೇ ಬಿಳಿಯಾಗಿ ಹೋಗಿತ್ತು. ಮೂಲ ಸ್ಕ್ಯಾನ್ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ತೆರೆದು ನೋಡಿದೆ. ಹಿಂದಿನ ಚಕ್ರದ ಸುತ್ತ ರಬ್ಬರ್ ಉಜ್ಜಿದ ಬೂದು ಮಬ್ಬು ಇದೆ, ಅದರೊಳಗೆ ಮೊದಲ ಎರಡು ಚಕ್ರದ ತೆಳು ಗೆರೆಗಳೂ ಇವೆ. ಲೆವೆಲ್ಸ್ ಮುಟ್ಟದೆ ಇನ್ನೊಂದು ಪ್ರಿಂಟ್ ತೆಗೆದಿದ್ದೇನೆ, ಬೆಳಿಗ್ಗೆ ಅವನಿಗೆ ಕೊಡಬೇಕು. ಮೂಲ ಹಾಳೆಗಾಗಿ ಸ್ಕ್ಯಾನರ್ ಇರುವ ಮೇಜಿನ ಹಿಂದೆ, ಮಿಕ್ಕ ರಟ್ಟುಗಳ ನಡುವೆ ನೋಡಿ ಆಯಿತು. ರದ್ದಿಗೆ ಅಂತ ಕಟ್ಟಿಟ್ಟ ಹಾಳೆಗಳ ಕಟ್ಟು ಒಂದು ಬಾಕಿ ಇದೆ. ನಾಳೆ ಡ್ರಾಯಿಂಗ್ ಮೇಡಂ ಮತ್ತು ನಾನು ಅದನ್ನು ಒಂದೊಂದೇ ಹಾಳೆಯಾಗಿ ಬಿಡಿಸುತ್ತೇವೆ.